ಮೇಡಂ ಯಜಮಾನರು

ಹೆಂಡತಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ತಮ್ಮ ಹೊಲಿಗೆ ಅಂಗಡಿ ಮುಚ್ಚಿ, ಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬಂದಂದಿನಿಂದ ಅವರ ಹೆಸರನ್ನು ಯಾರೂ ಕೇಳಿಲ್ಲ. ಬೀದಿಗೆಲ್ಲ ಅವರು 'ಮೇಡಂ ಯಜಮಾನರು'. ಯಜಮಾನಿಕೆಯೆಂದರೆ ಬುತ್ತಿ ಕಟ್ಟುವುದು, ಮಗಳಿಗೆ ಜಡೆ ಹಾಕುವುದು, ಹಾಲಿನವನ ಜೊತೆ ಜಗಳವಾಡುವುದು. "ಏನ್ ಊರು ಕಣ್ರೀ ಇದು, ಕಟಿಂಗ್ ಶಾಪಲ್ಲಿ ತಲೆ ಕೊಟ್ಟು ಕೂತ್ರೂ ಭಾಷಣ ಬಿಗೀತಾರೆ! ಈ ಬೇಸಿಗೆಗೆ ನಾವು ವಾಪಸ್ ಹೊರಟ್ವಿ ಅಂತ್ಲೇ ಇಟ್ಕೊಳ್ಳಿ" ಎಂದು ಪಕ್ಕದ ಮನೆಯವರಿಗೆ ಪ್ರತಿ ವರ್ಷವೂ ಹೇಳುತ್ತಾರೆ, ಹೇಳುತ್ತಲೇ ಹಿತ್ತಲಲ್ಲಿ ಇನ್ನೊಂದು ನಿಂಬೆ ಗಿಡ ನೆಡುತ್ತಾರೆ. ಆದರೆ ಬೆಳಗಾದರೆ ಅಡುಗೆಮನೆಯಲ್ಲಿ ನಡೆಯುವುದನ್ನು ಮಾತ್ರ ಅವರು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ತುಂಬಿದ ತರಗತಿಯೆಂದರೆ ಹೆಂಡತಿಗೆ ಇಂದಿಗೂ ಎದೆ ಡವಡವ. ಅದಕ್ಕೇ ಆಕೆ ಅಂದಂದಿನ ಪಾಠವನ್ನು ಮೊದಲು ಇಲ್ಲಿ, ಒಲೆಗೆ ಬೆನ್ನು ಕೊಟ್ಟು ನಿಂತು, ಹೇಳಿ ನೋಡುತ್ತಾರೆ. ತರಕಾರಿ ಹೆಚ್ಚುತ್ತಿರುವ ಇವರು ಚಾಕು ಹಿಡಿದ ಕೈಯನ್ನೇ ಮೇಲೆತ್ತುತ್ತಾರೆ: "ತಲೆಗೆ ಹೋಗ್ಲಿಲ್ಲ ಮೇಡಂ, ಇನ್ನೊಂದ್ಸಲ ಹೇಳಿ." ಆಕೆ ನಕ್ಕು, ಮತ್ತೆ ಮೊದಲಿನಿಂದ ಹೇಳುತ್ತಾರೆ. ಆ ದನಿಯ ನಡುಕ ಪೂರ್ತಿ ಅಡಗುವವರೆಗೆ ಇವರಿಗೆ ಏನೂ ಅರ್ಥವಾಗುವುದಿಲ್ಲ.