ಮಧ್ಯಾಹ್ನದ ಗೆರೆಗಳು

ನನ್ನ ಕಂಪ್ಯೂಟರಿಗೆ ಬಂದ ರೋಗ ಲೋಕದಲ್ಲಿ ಮತ್ತೊಂದಕ್ಕೆ ಬಂದಿರಲಿಕ್ಕಿಲ್ಲ. ಮಧ್ಯಾಹ್ನ ಹಚ್ಚಿದರೆ ಪರದೆಯ ತುಂಬ ಗೆರೆ, ಸಂಜೆಯ ಹೊತ್ತಿಗೆ ತಾನಾಗಿಯೇ ಮಾಯ. ಬೇರೆಯವರ ಯಂತ್ರ ದುಡಿದು ದುಡಿದು ಕೆಡುತ್ತದೆ, ನನ್ನದು ದುಡಿದಂತೆಲ್ಲ ಗುಣವಾಗುತ್ತಿತ್ತು. ಇದೆಂಥ ಚೇಷ್ಟೆ ಎಂದು ಮೊದಲು ನಗು ಬಂತು, ಆಮೇಲೆ ಸಿಟ್ಟು, ಕಡೆಗೆ ಇದರ ಮೂಲ ಹಿಡಿಯದೆ ಬಿಡಬಾರದೆಂಬ ಹಟ. ಹಟ ನನ್ನಲ್ಲಿ ಮೊದಲಿನಿಂದಲೂ ಒಂದು ತೂಕ ಹೆಚ್ಚೇ. ನನ್ನ ತವರಿನವರನ್ನು ಕೇಳಿದರೆ ಬೇಕಾದಷ್ಟು ಹೇಳುತ್ತಾರೆ.

ತವರು ವಿಜಯಪುರದ ಕಡೆ. ಲಗ್ನವಾಗಿ ಬಂದದ್ದು ಮಹಾರಾಷ್ಟ್ರದ ಗಡಿಯೊಳಗೆ, ಮಾಡಗ್ಯಾಳದ ಹತ್ತಿರ, ಕುರಿ ಸಾಕುವ ಈ ಮನೆಗೆ. ಇಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಲಗ್ನಪತ್ರಿಕೆಯನ್ನು ಮಾತ್ರ ಬಹಳ ಜನ ಕನ್ನಡದಲ್ಲೇ ಮಾಡಿಸುತ್ತಾರೆ. ಅದನ್ನು ಒತ್ತಕ್ಷರ ತಪ್ಪದಂತೆ ಟೈಪು ಮಾಡುವವರು ಸುತ್ತಮುತ್ತ ಕಡಿಮೆ. ಹಾಗಾಗಿ ನೆರೆಯೂರು ಸಂಖದಿಂದಲೂ ವಳಸಂಗದಿಂದಲೂ ಆ ಕೆಲಸ ನನ್ನ ಬಾಗಿಲಿಗೆ ಬರತೊಡಗಿತ್ತು. ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದು ಮೂಲೆಯ ಖೋಲಿಯಲ್ಲಿ ಇಟ್ಟುಕೊಂಡಿದ್ದೆ.

ಆ ಖೋಲಿ ಮೊದಲು ಕುರಿಮರಿಗಳದ್ದು. ಚಳಿಗಾಲದಲ್ಲಿ ಹುಟ್ಟಿದ ಬಡಕಲು ಮರಿಗಳನ್ನು ನಮ್ಮ ಅತ್ತೆ ಅಲ್ಲಿಟ್ಟು ಬದುಕಿಸುತ್ತಿದ್ದರು. ನಾನು ಖೋಲಿ ಕೇಳಿದಾಗ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹುಲ್ಲು ಗುಡಿಸಿ ತೆಗೆದು, ನೆಲ ಸಾರಿಸಿ, ಸುಮ್ಮನೆ ಬಿಟ್ಟುಕೊಟ್ಟರು. ಕರಾರು ಹಾಕಿದ್ದು ನಮ್ಮ ಯಜಮಾನರು.

"ಈ ಥಂಡಿ ಮುಗಿಯೂತನ ನೋಡೂಣು. ನಡದ್ರ ನಡೀಲಿ. ಆ ಮಷೀನು ಕೆಟ್ಟು ಕುಂತ್ರ ಮಾತ್ರ ಎರಡನೇದು ತರೂದಿಲ್ಲ. ಖೋಲಿ ಮತ್ತ ಮರಿಗೋಳಿಗೆ."

ಅಷ್ಟು ದೊಡ್ಡ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ನನ್ನನ್ನು ಕರೆಯದ ಜಾಗ ಅದೊಂದೇ ಆಗಿತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಲ್ಲಿಯ ಕೆಲಸ ಮುಗಿಸಿ ಮಧ್ಯಾಹ್ನಕ್ಕೆ ತಿರುಗಿ ಬರುತ್ತಿದ್ದೆ. ಬಂದವಳೇ ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ. ಒಂದು ದಿನ ಹಾಗೆ ಕೂತು ಮದುಮಗಳ ಹೆಸರು ಹೊಡೆಯುತ್ತಿದ್ದೇನೆ, ಆ ಹೆಸರಿನ ಮೇಲೆಯೇ ಹಸಿರು, ಗುಲಾಬಿ ಬಣ್ಣದ ತುಂಡು ತುಂಡು ಗೆರೆಗಳು ಇಳಿದವು. ಅಯ್ಯ ಶಿವನೇ, ಇದೇನು ಅಪಶಕುನ ಎಂದುಕೊಂಡೆ. ಕೂಡಲೇ ಒಂದು ಹಾಳೆ ಪ್ರಿಂಟ್ ತೆಗೆದು ನೋಡಿದೆ. ಹಾಳೆ ಸ್ವಚ್ಛವಾಗಿತ್ತು, ಒಂದು ಗೆರೆಯೂ ಇರಲಿಲ್ಲ. ಪತ್ರಿಕೆಗೇನೂ ಆಗಿಲ್ಲ, ತಂಟೆಯೆಲ್ಲ ಕಣ್ಣಿಗೆ ಕಾಣುವಲ್ಲಿ ಮಾತ್ರ ಎಂದು ಅರ್ಥವಾಯಿತು.

ಪರದೆಯ ವಾಯರನ್ನು ಕಿತ್ತು ಮತ್ತೆ ಚುಚ್ಚಿದೆ. ಸ್ಕ್ರೂ ಬಿಗಿ ಮಾಡಿದೆ. ನೆತ್ತಿಗೆ ಎರಡು ಏಟು ಕೊಟ್ಟೆ, ಅದು ಸಿಟ್ಟಿಗೆ, ಪರೀಕ್ಷೆಗಲ್ಲ. ಗೆರೆ ಇದ್ದಂತೆಯೇ ಇತ್ತು. ತಾಲೂಕಿನ ಊರಾದ ಜತ್ತಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿಗೆ ಫೋನ್ ಹಚ್ಚಿದೆ. ಅವರು ಅರ್ಧ ಮರಾಠಿಯವರು.

"ಟೆನ್ಶನ್ ಘೇಊ ನಕಾ ವೈನಿ, ಚಿಂತಿ ಮಾಡಬ್ಯಾಡ್ರಿ. ಒಂದ್ ಫೋಟೋ ಹೊಡದು ಕಳಸ್ರಿ, ನೋಡತೇನಿ."

ಫೋಟೋ ಕಳಿಸಿದೆ. ನೋಡಿ ಅವರು ಗಾಬರಿಯಾದರು. ಫೋಟೋದಲ್ಲಿ ಪರದೆಯ ಮೇಲೆ ಅಲೆ ಅಲೆಯಾಗಿ ಕಾಮನಬಿಲ್ಲಿನ ಬಣ್ಣವೇ ಎದ್ದಿತ್ತು. ನನ್ನ ಕಣ್ಣಿಗೆ ಅಷ್ಟೊಂದು ಕಂಡಿರಲಿಲ್ಲವಲ್ಲ! ಸಂಜೆ ಪರದೆ ಸ್ವಚ್ಛವಾದ ಮೇಲೆ ಮತ್ತೊಂದು ಫೋಟೋ ಹೊಡೆದೆ. ಆಗಲೂ ಅಲೆ ಇತ್ತು. ಅಂದರೆ ಅಲೆ ಮೊಬೈಲಿನದು, ತುಂಡು ಗೆರೆ ಮಾತ್ರ ಕಂಪ್ಯೂಟರಿನದು. ಇದನ್ನು ಕಂಡುಹಿಡಿದ ಖುಷಿಯಲ್ಲಿ ಅಂದು ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಮರುದಿನ ಪಡಸಾಲೆಯ ಟೀವಿಯನ್ನು ಹೊತ್ತು ತಂದು, ಪರದೆಯ ಬದಲು ಅದಕ್ಕೆ ವಾಯರ್ ಜೋಡಿಸಿದೆ. ಟೀವಿಯ ಮೇಲೂ ಅದೇ ಗೆರೆ, ಇನ್ನೂ ದೊಡ್ಡದಾಗಿ.

"ಹಂಗಾರ ಪಡದೇದ್ ತಪ್ಪಿಲ್ಲ ವೈನಿ," ಎಂದರು ರಿಪೇರಿಯವರು. "ಒಳಗ ಚಿತ್ರಾ ಮೂಡಸೂ ಕಾರ್ಡ್ ಇರತೈತಲ್ಲ, ಅದು ಕಾಯಾಕತ್ತೈತಿ. ಕಾದಾಗ ಹಿಂಗ ಗೆರಿ ಬರತಾವ. ಸುಟ್ಟು ಹೋತಂದ್ರ ಭಾಳ ಅವಘಡ, ಆ ಹಳೇ ಕಾರ್ಡ್ ಈಗ ಸಿಗೂದಿಲ್ಲ."

"ರಾತ್ರಿಯಿಂದ ಬಂದ್ ಇದ್ದದ್ದು ಹಚ್ಚಿದ ಕೂಡಲೇ ಹೆಂಗ ಕಾಯತೈತ್ರೀ?" ಎಂದೆ.

"ಅದs ತಿಳಿವಲ್ತು ನೋಡ್ರಿ," ಎಂದು ಅವರು ಫೋನಿಟ್ಟರು.

ತಿಳಿಯದ ಇನ್ನೂ ಒಂದೆರಡು ಸಂಗತಿ ಇದ್ದವು. ಮಧ್ಯಾಹ್ನ ಹಚ್ಚಿದಾಗಲೆಲ್ಲ ಕಂಪ್ಯೂಟರ್ ತನ್ನನ್ನು ಸರಿಯಾಗಿ ಬಂದ್ ಮಾಡಿಲ್ಲವೆಂದು ದೂರುತ್ತಿತ್ತು. ನಾನು ಕರೆಂಟನ್ನು ಬೈದು ಸುಮ್ಮನಾಗುತ್ತಿದ್ದೆ. ಖೋಲಿಯಲ್ಲಿ ಕುರಿಯ ವಾಸನೆ ಜೋರಾಗಿತ್ತು. ಹಳೆಯ ವಾಸನೆ, ಗೋಡೆಗೆ ಹತ್ತಿದ್ದು ಎಂದುಕೊಂಡಿದ್ದೆ. ನನ್ನ ಬುದ್ಧಿಯೆಲ್ಲ ವಾಯರಿನಲ್ಲೇ ಸಿಕ್ಕಿಕೊಂಡಿತ್ತು, ಮೂಗಿನ ಮಾತು ಕೇಳುವಷ್ಟು ವ್ಯವಧಾನ ಎಲ್ಲಿತ್ತು?

ಕೊನೆಗೊಂದು ಮಧ್ಯಾಹ್ನ ಗುಂಡಿ ಒತ್ತುವ ಮೊದಲು ಸುಮ್ಮನೆ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟೆ. ಚುರುಕ್ಕೆಂದಿತು. ಒಲೆ ಹಚ್ಚದೆ ಹಂಚು ಕಾದಿತ್ತು. ಅಂದರೆ ನಾನು ಹೊಲದಲ್ಲಿದ್ದಾಗ ಇಲ್ಲಿ ಯಾರೋ ಇದನ್ನು ಹಚ್ಚುತ್ತಿದ್ದಾರೆ. ಮನೆಯಲ್ಲಿ ಆಗ ಇರುವವರು ಅತ್ತೆ ಒಬ್ಬರೇ. ಆದರೆ ಅವರಿಗೂ ಕಂಪ್ಯೂಟರಿಗೂ ಏನು ಸಂಬಂಧ? ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದೆ.

ಒಳಗಿನ ಫ್ಯಾನಿನ ತುಂಬ ಉಣ್ಣೆ! ಬಿಳಿ ಉಣ್ಣೆ, ನಡುನಡುವೆ ಕಂದು, ನಮ್ಮ ಹಟ್ಟಿಯ ಕುರಿಗಳದ್ದೇ ಬಣ್ಣ. ಅದರ ಜೊತೆ ಅತ್ತೆ ಹೊದೆಯುವ ಕಂಬಳಿಯ ಕರಿ ಎಳೆಗಳು. ಫ್ಯಾನು ಸಲೀಸಾಗಿ ತಿರುಗಲಾರದಷ್ಟು ಗಂಟು ಬಿದ್ದಿತ್ತು.

ಇದು ಅತ್ತೆಯದೇ ಕೆಲಸ. ಖೋಲಿ ತಿರುಗಿ ಬೇಕಾಗಿದ್ದರೆ ಬಾಯಿ ಬಿಟ್ಟು ಕೇಳಬೇಕಿತ್ತು, ಹೀಗೆ ಒಳಗೊಳಗೇ ಕೊಲ್ಲುವುದೇ ಎಂದು ಕೂಗಾಡಿದೆ. ಅಂದು ಯಜಮಾನರೂ ನನ್ನ ಜೊತೆಗೇ ಹೊಲದಿಂದ ಬಂದಿದ್ದರು. ನನ್ನ ಕೂಗಾಟ ಕೇಳಿ ಬಂದು ಬಿಚ್ಚಿದ ಡಬ್ಬಿ ನೋಡಿ, "ಸತ್ತಿತೇನು? ಆತ ಬಿಡು, ನಾಳೆ ಎಲ್ಲಾ ಹೊರಗ ತಗಿ. ಥಂಡಿ ಭಾಳ ಐತಿ, ಮರಿಗೋಳಿಗೆ ಜಾಗಾ ಆಗತೈತಿ" ಎಂದರು.

"ನಿಮ್ಮ ಅವ್ವನ್ನ ಕೇಳ್ರಿ, ಯಾಕ ಹಿಂಗ ಮಾಡಿದ್ರಂತ!" ಎಂದು ನಾನು ಚೀರಿದೆ.

ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಹೆಗಲ ಮೇಲಿನ ಕಂಬಳಿಯ ಮಡಿಕೆಯೊಳಗಿಂದ ಒಂದು ಮರಿಯ ಮೂತಿ ಹೊರಗೆ ಬಂದಿತ್ತು. ಅದರ ತಾಯಿ ಈದ ದಿನವೇ ಸತ್ತದ್ದು ನನಗೆ ಗೊತ್ತಿತ್ತು, ಮರಿ ಹಟ್ಟಿಯಲ್ಲಿದೆ ಎಂದುಕೊಂಡಿದ್ದೆ.

"ತಾಯಿಲ್ಲದ್ದು, ಹಟ್ಟ್ಯಾಗ ಇಟ್ರ ಥಂಡಿಗಿ ಸೆಟದು ಹೋಗತಿತ್ತು," ಎಂದರು ಅತ್ತೆ. "ಕಸಾ ಹೊಡಿಯೂವಾಗ ನೋಡಿದ್ದೆ, ಆ ಡಬ್ಬಿ ಹಿಂದಿಂದ ಬೆಚ್ಚನ ಗಾಳಿ ಬರತೈತಿ. ನೀ ಹೊಲಕ್ಕ ಹೋದ ಮ್ಯಾಲ ಗುಂಡಿ ಒತ್ತಿ, ಮರೀನ ಅದರ ಹಿಂದ ಮಲಗಸಿ, ಎರಡಕ್ಕೂ ಕೂಡಿ ಕಂಬಳಿ ಹೊಚ್ಚತಿದ್ದೆ. ನೀ ಬರೂ ಹೊತ್ತಿಗಿ ಗುಂಡಿ ಒತ್ತಿ ಹಿಡದು ಆರಸತಿದ್ದೆ. ಅದಕ್ಕ ಉಸಿರು ಕಟ್ಟತೈತಿ ಅಂತ ನನಗೇನು ಗೊತ್ತವ್ವಾ?" ಕಂಬಳಿ ತೆಗೆದ ಮೇಲೆ ಸಂಜೆಯೊಳಗೆ ಡಬ್ಬಿ ತಣ್ಣಗಾಗಿ ಗೆರೆ ಮಾಯವಾಗುತ್ತಿದ್ದದ್ದು ನನಗೆ ಆಗ ಹೊಳೆಯಿತು.

ಯಜಮಾನರು ನಕ್ಕುಬಿಟ್ಟರು. "ಚಲೋನs ಆತಲ್ಲ ಬೇ. ನಿನ್ನ ಖೋಲಿ ನಿನಗ ಬಂತು."

ಅತ್ತೆ ಮಗನ ಕಡೆ ತಿರುಗಿದರು. ಅವರು ಮಗನ ಮೇಲೆ ದನಿ ಏರಿಸಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಯಾಕ ಬರಬೇಕು? ಕೆಟ್ಟದ್ದು ಅಕೀ ಮಷೀನಲ್ಲ, ಕೆಡಿಸಿದಾಕಿ ನಾನು. ನಾ ಮಾಡಿದ ತಪ್ಪಿಗೆ ಅಕೀ ಖೋಲಿ ಬಿಡಬೇಕೇನು? ನಾ ಈ ಮನಿಗಿ ಬಂದು ಮುದುಕಿ ಆದೆ, ನನಗ ಅಂತ ಒಂದು ಮೂಲಿ ಯಾರೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಅಕಿ ಕೇಳ್ಯಾಳ, ನಾ ಕೊಟ್ಟೀನಿ. ಖೋಲಿ ಅಕೀದು."

ಯಜಮಾನರು ಹೊರಗೆ ಹೋದರು. ನಾನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಫ್ಯಾನಿನ ಉಣ್ಣೆ ಬಿಡಿಸುತ್ತ ಕೂತೆ, ಕಣ್ಣೀರು ಬಂದು ಸ್ಕ್ರೂ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ತಗಡು ಮುಚ್ಚಿ ಗುಂಡಿ ಒತ್ತಿದೆ. ಫ್ಯಾನು ಗುಂಯ್ ಎಂದು ತಿರುಗಿತು. ಪರದೆಯ ಮೇಲೆ ಒಂದೂ ಗೆರೆ ಇರಲಿಲ್ಲ.

ತಿರುಗಿ ನೋಡಿದರೆ ಅತ್ತೆ ಮರಿಯನ್ನೆತ್ತಿಕೊಂಡು ಹಟ್ಟಿಯ ಕಡೆ ಹೊರಟಿದ್ದರು. ಹೊರಗೆ ಮೋಡ ಕವಿದು ಗಾಳಿ ಬೀಸುತ್ತಿತ್ತು.

"ಎಲ್ಲಿಗಿ ಒಯ್ತೀರಿ ಅದನ್ನ ಇಂಥಾ ಗಾಳ್ಯಾಗ?" ಎಂದು ಗದರಿದೆ. ನನಗೆ ಮೆತ್ತಗೆ ಮಾತಾಡಲು ಬರುವುದೇ ಇಲ್ಲ. "ಬರ್ರಿ, ಒಳಗ ಬಂದು ಕುಂದ್ರಿ. ಕಂಬಳಿ ಮಾತ್ರ ಮರಿಗಷ್ಟs ಹೊಚ್ಚರಿ."

"ನಿನ್ನ ಕೆಲಸಕ್ಕ ಅಡ್ಡಿ ಆಗೂದಿಲ್ಲ?"

"ಆಗತೈತಿ. ಕುಂದ್ರಿ."

ಅವರು ಬಂದು ಡಬ್ಬಿಯ ಹಿಂದೆ, ಬೆಚ್ಚಗಿನ ಗಾಳಿ ಬರುವಲ್ಲಿ, ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ನಾನಿರುವಾಗ ಅತ್ತೆ ಆ ಖೋಲಿಯಲ್ಲಿ ಕೂತದ್ದು ಅದೇ ಮೊದಲು.