ಮೇಷ್ಟ್ರಿಗೆ ಉಳಿದ ನಾಮಪದಗಳು

ಮನೋಹರ ಮೇಷ್ಟ್ರು ರಾಮನಾಥಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮನೆ ಹೊಳೆನರಸೀಪುರದಲ್ಲಿ, ಬೆಳಿಗ್ಗೆ ಹೋಗಲು ಬಸ್ಸು, ಸಂಜೆ ಬರಲು ಬಸ್ಸು. ಹೊಗೆಸೊಪ್ಪು ಬೆಳೆಯುವವರ ಮಕ್ಕಳು, ಕೂಲಿಯವರ ಮಕ್ಕಳು ಎಂಟನೇ ತರಗತಿಗೆ ಬರುವ ಹೊತ್ತಿಗೆ ಇಂಗ್ಲಿಷ್ ಅಂದರೆ ಉರು ಹೊಡೆದು ಒಪ್ಪಿಸುವ ವಸ್ತು ಎಂದು ನಂಬಿಬಿಟ್ಟಿರುತ್ತಿದ್ದರು. ಮೇಷ್ಟ್ರು ಅವರಿಗೆ ಮೊದಲು ಕಲಿಸುತ್ತಿದ್ದುದು ಒಂದೇ: ಯಾವುದು ನಾಮಪದ, ಯಾವುದು ಕ್ರಿಯಾಪದ. ಅದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ದಾರಿಗೆ ಬರುತ್ತದೆ ಅನ್ನುತ್ತಿದ್ದರು.

ಮಕ್ಕಳು ಎಲ್ಲಿ ಎಡವುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮಾತಿನೊಳಕ್ಕೆ ಬರುವ ಇಂಗ್ಲಿಷ್ ಪದ ‘ಮಾಡು’ವಿನ ಕೈ ಹಿಡಿದುಕೊಂಡೇ ಬರುತ್ತದೆ. ವಾಕ್ ಮಾಡು, ಓಪನ್ ಮಾಡು, ಕಟ್ ಮಾಡು. ಹಾಗಾಗಿ ಮಕ್ಕಳ ಕಿವಿಗೆ ಇಂಗ್ಲಿಷಿನದೆಲ್ಲ ಬರೀ ಹೆಸರು. ಕೆಲಸವೆಲ್ಲ ಕನ್ನಡದ ‘ಮಾಡು’ವಿನದು.

“ವಾಟರ್ ಅಂದ್ರೆ?” ಎಂದು ಮೇಷ್ಟ್ರು ಕೇಳುತ್ತಿದ್ದರು.

“ನೀರು ಸಾ.”

“ಐ ವಾಟರ್ ದ ಪ್ಲಾಂಟ್ಸ್ ಅಂದ್ರೆ?”

“ನಾನು ನೀರು ಗಿಡಗಳು ಸಾ.”

ತರಗತಿಯೆಲ್ಲ ನಗುತ್ತಿತ್ತು. ಮೇಷ್ಟ್ರೂ ನಗುತ್ತಿದ್ದರು. “ಪದದ ಮುಖ ನೋಡಿ ಹೇಳ್ಬೇಡ್ರಲಾ, ಅದು ಕೂತಿರೋ ಜಾಗ ನೋಡಿ ಹೇಳಿ. ಮುಂದೆ ‘ದ’ ಇಟ್ರೆ ಒಪ್ಕತ್ತದಾ? ಅದು ಹೆಸರು. ‘ಕ್ಯಾನ್’ ಇಟ್ರೆ ಒಪ್ಕತ್ತದಾ? ಅದು ಕೆಲಸ. ಐ ಕ್ಯಾನ್ ವಾಟರ್ ಅಂದಾಗ ಅದು ನೀರಲ್ಲ ಕಣ್ರಲಾ, ನೀರು ಹಾಕೋದು.”

ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಚನ್ನರಾಯಪಟ್ಟಣದಲ್ಲಿ ಶಿಕ್ಷಕರ ತರಬೇತಿ ನಡೆದಾಗ, ಇದೇ ಪಾಠವನ್ನು ಹೊಸ ಮೇಷ್ಟ್ರುಗಳಿಗೆ ತೋರಿಸಿಕೊಡಲು ಅವರನ್ನು ಕರೆಸಿದ್ದರು. ಕರಿಹಲಗೆಯ ಮುಂದೆ ನಿಂತು ಮಾತಾಡುತ್ತಿದ್ದವರು ವಾಕ್ಯದ ನಡುವೆ ನಿಂತರು. ಸೀಮೆಸುಣ್ಣ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅಲ್ಲಿದ್ದವರೇ ಕಾರು ಮಾಡಿ ಹಾಸನದ ಆಸ್ಪತ್ರೆಗೆ ಸೇರಿಸಿದರು.

ಜೀವ ಉಳಿಯಿತು. ಬಲಗಾಲೂ ಮೆಲ್ಲಗೆ ನೆಲಕ್ಕೆ ಊರಿತು, ಬಲಗೈ ಮಾತ್ರ ಏಳಲಿಲ್ಲ. ಮಾತು ಬಂತು, ಆದರೆ ಪೂರ್ತಿ ಬರಲಿಲ್ಲ. ಹೆಂಡತಿ ಚಿಕ್ಕಲಕ್ಷ್ಮಮ್ಮನನ್ನು ನೋಡಿ “ಲಕ್ಷ್ಮಿ” ಎಂದರು. ಮಗಳನ್ನು ನೋಡಿ “ಕವನಾ” ಎಂದರು. “ನೀರು” ಎಂದರು. ಹೆಂಡತಿ ಲೋಟ ತಂದರೆ ತಲೆ ಕೊಡವಿ ಮತ್ತೆ “ನೀರು, ನೀರು” ಎಂದರು. ಬಚ್ಚಲಲ್ಲಿ ನಲ್ಲಿ ತೆರೆದೇ ಇದ್ದದ್ದು ಆಮೇಲೆ ಕಂಡಿತು.

ಹಾಸನದಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಭಾನುಪ್ರಿಯಾ ಎಂಬ ಹುಡುಗಿ ಒಂದು ಚಿತ್ರ ತೋರಿಸಿದಳು. ಹೆಂಗಸೊಬ್ಬಳು ಬದನೆಕಾಯಿ ಹೆಚ್ಚುತ್ತಿರುವ ಚಿತ್ರ.

“ಹೆಂಗಸು,” ಎಂದರು ಮೇಷ್ಟ್ರು. “ಚಾಕು. ಬದನೆಕಾಯಿ.”

“ಏನ್ ಮಾಡ್ತಿದ್ದಾಳೆ ಸರ್?”

ಮೇಷ್ಟ್ರ ಬಾಯಿ ತೆರೆಯಿತು. “ಹೆಂಗಸು... ಚಾಕು...” ಎಂದು ಹಣೆಯ ಬೆವರು ಒರೆಸಿಕೊಂಡರು.

ಇಂಗ್ಲಿಷಿನಲ್ಲಿ ಕೇಳಿದರೂ ಅಷ್ಟೇ. ನೈಫ್ ಬಂತು, ಕಟ್ ಬರಲಿಲ್ಲ. ಭಾನುಪ್ರಿಯಾ ಚಿಕ್ಕಲಕ್ಷ್ಮಮ್ಮನಿಗೆ ಬಿಡಿಸಿ ಹೇಳಿದಳು: ಮೆದುಳಿಗೆ ಪೆಟ್ಟು ಬಿದ್ದ ಕೆಲವರಿಗೆ ವಸ್ತುಗಳ ಹೆಸರು ಉಳಿಯುತ್ತದೆ, ಕ್ರಿಯೆಯ ಪದ ಹೋಗಿಬಿಡುತ್ತದೆ. ಬೇರೆಯವರು ಆಡಿದ್ದು ಸುಮಾರಾಗಿ ಅರ್ಥವಾಗುತ್ತದೆ, ತಾವು ಹೇಳಲು ಹೋದರೆ ಸಿಗುವುದಿಲ್ಲ. ಹೂಂ, ಊಹೂಂ ಕೂಡ ಒಮ್ಮೊಮ್ಮೆ ಅದಲುಬದಲಾಗುತ್ತದೆ, ಪೂರ್ತಿ ನಂಬಬೇಡಿ.

“ಅವ್ರು ಮಕ್ಕಳಿಗೆ ಅದನ್ನೇ ಯೋಳ್ಕೊಡ್ತಿದ್ದಿದ್ದು ಕಣವ್ವ,” ಎಂದಳು ಚಿಕ್ಕಲಕ್ಷ್ಮಮ್ಮ.

ಹುಡುಗಿಗೆ ಕುತೂಹಲವಾಯಿತು. ಚೀಟಿಗಳ ಮೇಲೆ ಇಂಗ್ಲಿಷ್ ಪದಗಳನ್ನು ಬರೆದು ಮೇಜಿನ ಮೇಲೆ ಹರಡಿದಳು. ನಾಮಪದ ಈ ಕಡೆ, ಕ್ರಿಯಾಪದ ಆ ಕಡೆ ಇಡಿ ಎಂದಳು. ಮೇಷ್ಟ್ರ ಎಡಗೈ ಚುರುಕಾಯಿತು. ರಿವರ್ ಈ ಕಡೆ, ಬ್ರಿಂಗ್ ಆ ಕಡೆ. ಒಂದೂ ತಪ್ಪಲಿಲ್ಲ. ವಾಟರ್ ಎಂದಿದ್ದ ಚೀಟಿಯನ್ನು ಎರಡು ರಾಶಿಗಳ ನಡುವೆ ಇಟ್ಟು ಅವಳ ಮುಖ ನೋಡಿದರು. ಆಮೇಲೆ ಕ್ರಿಯಾಪದಗಳ ರಾಶಿಯನ್ನು ಅಂಗೈಯಿಂದ ಮುಚ್ಚಿ, ತಮ್ಮ ಬಾಯಿ ಮುಟ್ಟಿಕೊಂಡು, ಇಲ್ಲ ಎಂದು ತಲೆಯಾಡಿಸಿದರು. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಎದ್ದುಹೋದಳು.

ವಾರ ವಾರವೂ ಹಾಸನಕ್ಕೆ ಹೋಗಿಬಂದರು. ಕೊನೆಗೆ ಒಂದು ಕ್ರಿಯಾಪದ ಬಾಯಿಗೆ ಹತ್ತಿತು. ಅದು ‘ಮಾಡು’. ಅದನ್ನೇ ಎಲ್ಲದಕ್ಕೂ ಹಚ್ಚತೊಡಗಿದರು. ಬಾಗಿಲು ಮಾಡು. ಕವನಾ ಮಾಡು. ಬಾಗಿಲು ತೆಗೆಯಬೇಕೋ ಹಾಕಬೇಕೋ, ಕವನಾಳನ್ನು ಕರೆಯಬೇಕೋ ಅವಳಿಗೆ ಊಟ ಬಡಿಸಬೇಕೋ, ಚಿಕ್ಕಲಕ್ಷ್ಮಮ್ಮ ಒಂದೊಂದೇ ಮಾಡಿ ನೋಡಬೇಕಿತ್ತು.

ಮೇಷ್ಟ್ರಿಗೆ ಹೊನ್ನಕ್ಕ ಎಂಬ ಒಬ್ಬಳೇ ಅಕ್ಕ. ಅರಕಲಗೂಡಿನ ಪಕ್ಕದ ಹಳ್ಳಿಯಲ್ಲಿ ಮಗ ಕೀರ್ತಿರಾಜನ ಜೊತೆ ಇದ್ದಳು. ತಾಯಿ ಸತ್ತಾಗ ಮೇಷ್ಟ್ರು ಕೈಕೂಸು. ಆಕೆಯೇ ಕಂಕುಳಲ್ಲಿ ಹೊತ್ತುಕೊಂಡು ಕಳೆ ಕೀಳಲು ಹೋಗಿ ಸಾಕಿದ್ದಳು. ತಾನು ಇಸ್ಕೂಲಿನ ಹೊಸಿಲು ತುಳಿಯಲಿಲ್ಲ. ತಮ್ಮನಿಗೆ ಹೀಗಾದಾಗ ಬಂದು ತಲೆ ಸವರಿ, “ಇಂಗ್ಲೀಸ್ನೆಲ್ಲ ಅರೆದು ಕುಡ್ದಿದ್ದ ಬಾಯಿ ಕಣವ್ವ ಇದು, ಇಂಗಾಗೋಯ್ತಲ್ಲ,” ಎಂದು ಅತ್ತಿದ್ದಳು. ಮತ್ತೆ ಬಂದು ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಕವನಾ ಕೆಲಸಕ್ಕೆ ಹೋಗಿದ್ದಳು. ಚಿಕ್ಕಲಕ್ಷ್ಮಮ್ಮ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಕೆಳಗಿದ್ದ ಅವಳ ಮೊಬೈಲು ಹೊಡೆದುಕೊಂಡಿತು. ಮೇಷ್ಟ್ರೇ ಎತ್ತಿಕೊಂಡರು.

“ಮಾವಾ, ಅವ್ವಂಗೆ ರಾತ್ರಿಯಿಂದ ಉಸಾರಿಲ್ಲ, ತಡ್ಯಂಗ್ ಕಾಣಲ್ಲ,” ಎಂದ ಕೀರ್ತಿರಾಜ. “ನಿಮ್ಮುನ್ನೇ ಕೇಳ್ತಾವ್ಳೆ. ಈಗ್ಲೇ ಬಸ್ಸತ್ಕಂಡು ಬಂದ್ಬುಡಿ.”

“ಹೂಂ,” ಎಂದರು ಮೇಷ್ಟ್ರು. ಅದೇ ಸಾಕೆಂದುಕೊಂಡು ಅವನು ಗಡಿಬಿಡಿಯಲ್ಲಿ ಫೋನ್ ಇಟ್ಟ.

ಚಿಕ್ಕಲಕ್ಷ್ಮಮ್ಮ ಇಳಿದು ಬರುವಷ್ಟರಲ್ಲಿ ಅವರು ಅಂಗಿಗೆ ಒಂದೇ ತೋಳು ತೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಅಕ್ಕ! ಬಸ್ಸು! ಅಕ್ಕ!”

“ಅಕ್ಕ ಬತ್ತಾವ್ರಾ?”

ಅವರು ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದರು. ಆದರೆ ಹೂಂ, ಊಹೂಂ ನಂಬುವಂತಿರಲಿಲ್ಲವಲ್ಲ. “ಬಸ್ಸು ಮಾಡು!” ಎಂದರು.

ಕರೆ ಬಂದಿದ್ದ ಕೀರ್ತಿರಾಜನ ನಂಬರಿಗೆ ಚಿಕ್ಕಲಕ್ಷ್ಮಮ್ಮ ತಿರುಗಿ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಬರುತ್ತೇನೆಂದು ಅತ್ತಿಗೆ ಮೊದಲೇ ಹೇಳಿದ್ದರು. ಮಗನ ಜೊತೆ ಬಸ್ಸು ಹತ್ತಿರಬೇಕು, ಗದ್ದಲದಲ್ಲಿ ಕೇಳಿಸುತ್ತಿರಲಿಕ್ಕಿಲ್ಲ ಎಂದುಕೊಂಡಳು. ಅತ್ತಿಗೆಗೆಂದು ಇನ್ನೊಂದು ಪಾವು ಅಕ್ಕಿ ತೊಳೆದಿಟ್ಟು, ಅಂಗಿಯ ಇನ್ನೊಂದು ತೋಳು ತೊಡಿಸಿ, ಅವರನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ಕಾಯಿಲೆಯಾದ ಮೇಲೆ ಅವಳು ಕಂಡಿರಲಿಲ್ಲ. ಅಕ್ಕ ಬರುವ ಸಂತೋಷ ಅಂದುಕೊಂಡಳು.

ಅರಕಲಗೂಡಿಗೆ ಹೋಗುವ ಬಸ್ಸು ನಿಂತಿತ್ತು. ಮೇಷ್ಟ್ರು ನೇರವಾಗಿ ಅದರ ಬಾಗಿಲಿಗೆ ಹೋಗಿ ಕಂಬಿ ಹಿಡಿದರು.

“ಅದು ಓಗೋ ಬಸ್ಸು ಕಣ್ರೀ! ಅಕ್ಕ ಬರೋದು ಆ ಕಡೆಯಿಂದ. ಬನ್ನಿ, ಇಲ್ಲಿ ಕೂತ್ಕಳನ,” ಎಂದು ಅವಳು ತೋಳು ಹಿಡಿದು ಎಳೆದಳು.

“ಅಕ್ಕ! ಅಕ್ಕ ಮಾಡು! ಬಸ್ಸು ಮಾಡು!” ಎಂದು ಅವರು ಕೂಗಿದರು. ಜನ ತಿರುಗಿ ನೋಡಿದರು. ಹೋಗಬೇಕು ಎಂಬ ಒಂದು ಪದ ಸಾಕಿತ್ತು. ಆ ಪದ ಮಾತ್ರ ಬರಲಿಲ್ಲ.

“ಅತ್ತುಸ್ತೀಯೋ ಇಲ್ವೋ ಯೋಳಮ್ಮ, ಟೈಮಾಯ್ತು,” ಎಂದ ಕಂಡಕ್ಟರು.

“ಇಲ್ಲ ಸಾ, ಉಸಾರಿಲ್ಲ ಅವ್ರಿಗೆ,” ಎಂದು ಚಿಕ್ಕಲಕ್ಷ್ಮಮ್ಮ ಕಂಬಿ ಹಿಡಿದಿದ್ದ ಬೆರಳುಗಳನ್ನು ಬಿಡಿಸಿದಳು.

ಬಸ್ಸು ಹೊರಟಿತು. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಮಕ್ಕಳಂತೆ ಅತ್ತರು. ಈ ಕಾಯಿಲೆಯವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳು ಬೆನ್ನು ಸವರುತ್ತ ಪಕ್ಕದಲ್ಲಿ ಕುಳಿತಳು. ಅರಕಲಗೂಡಿನಿಂದ ಬಂದ ಬಸ್ಸುಗಳಲ್ಲಿ ಇಳಿದವರ ಮುಖಗಳನ್ನೆಲ್ಲ ನೋಡಿದಳು. ಅತ್ತಿಗೆ ಇರಲಿಲ್ಲ. ಬಿಸಿಲು ಏರಿದಾಗ ಅವರನ್ನು ಎಬ್ಬಿಸಿಕೊಂಡು ಮನೆಗೆ ಬಂದಳು.

ಸಂಜೆ ಕವನಾ ಅಳುತ್ತಲೇ ಒಳಗೆ ಬಂದಳು. ಕೀರ್ತಿರಾಜ ಅವಳಿಗೆ ಫೋನ್ ಮಾಡಿದ್ದ. “ಅಮ್ಮಾ, ಅತ್ತೆ ಮಧ್ಯಾಹ್ನವೇ ಹೋಗ್ಬಿಟ್ರಂತೆ. ಬೆಳಿಗ್ಗೆ ಅಪ್ಪಂಗೆ ಹೇಳಿದ್ನಂತಲ್ಲ, ಬನ್ನಿ ಅಂತ?”

ಚಿಕ್ಕಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಮಾರನೆಯ ದಿನ ಮಣ್ಣಿಗೆ ಹೋದಾಗ ಕೀರ್ತಿರಾಜ ಮಾವನ ಕೈ ಹಿಡಿದುಕೊಂಡು, “ಯಾಕ್ ಮಾವ ಬರ್ನಿಲ್ಲ? ಬಾಗ್ಲು ನೋಡ್ಕಂಡೇ ಇದ್ಲು ಕಣ ಅವ್ವ,” ಎಂದ.

“ಅಕ್ಕ,” ಎಂದರು ಮೇಷ್ಟ್ರು. “ಬಸ್ಸು.” ಆಮೇಲೆ ಹೆಂಡತಿಯ ಮುಖ ನೋಡಿದರು.

“ಅವ್ರು ಬರಾಕೇ ಒಂಟಿದ್ರು ಕಣಪ್ಪ. ಬಸ್ಸಿನ ಕಂಬೀನೂ ಇಡ್ಕಂಡಿದ್ರು. ನಾನೇ ಕೈ ಬುಡಿಸ್ಬುಟ್ಟೆ,” ಎಂದಳು ಚಿಕ್ಕಲಕ್ಷ್ಮಮ್ಮ. ಸುತ್ತ ಇದ್ದವರು ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮೇಷ್ಟ್ರು ಈಗಲೂ ಹಾಸನಕ್ಕೆ ಹೋಗಿಬರುತ್ತಾರೆ. ಬಾ, ಕೊಡು, ಸಾಕು ಎನ್ನುವಷ್ಟು ಬಂದಿದೆ. ಆದರೆ ಮಾತೇ ಕಡಿಮೆಯಾಗಿದೆ. ಫೋನ್ ಹೊಡೆದುಕೊಂಡರೆ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಾರೆ. ಮೊನ್ನೆ ಊಟಕ್ಕೆ ಕುಳಿತವರು ತಟ್ಟೆ ನೋಡಿ “ಉಪ್ಪು” ಎಂದರು.

“ಎಚ್ಚಾಯ್ತಾ? ಕಮ್ಮಿಯಾಯ್ತಾ?” ಎಂದು ಚಿಕ್ಕಲಕ್ಷ್ಮಮ್ಮ ಕೇಳಿದಳು.

ಅವಳು ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. ಉಪ್ಪು ಸರಿಯಾಗಿಯೇ ಇತ್ತು. ಇನ್ನೇನು ಹೇಳಹೊರಟಿದ್ದರೋ ತಿಳಿಯದೆ ಅವಳು ಅವರ ಮುಖವನ್ನೇ ನೋಡುತ್ತ ಕುಳಿತಳು. ಅವರು ತಲೆ ತಗ್ಗಿಸಿ ಎಡಗೈಯಲ್ಲಿ ಉಣ್ಣತೊಡಗಿದರು.