ಎಂಟನೇ ಕ್ಯಾನಿನ ಮುಚ್ಚಳ

ಬೆಳಗಿನ ಐದೂಕಾಲು. ಚೀಸ್ ಡೈರಿಯ ಹಿಂಬಾಗಿಲ ಬಳಿ ತಣ್ಣೀರಿನ ತೊಟ್ಟಿಯಲ್ಲಿ ಎಂಟು ಅಲ್ಯೂಮಿನಿಯಂ ಕ್ಯಾನುಗಳು ಕುತ್ತಿಗೆಮಟ್ಟ ಮುಳುಗಿ ಕೂತಿವೆ. ಎಲ್ಲದರ ಮುಚ್ಚಳವೂ ಬೆರಳಗಲ ತೆರೆದಿದೆ. ಅವನ್ನು ಗಾಡಿಯಲ್ಲಿ ಸಾಗಿಸುವುದಕ್ಕೇ ಆ ಹೆಸರು ಬಂದ ಕ್ಯಾನಕ್ಕ ಬಗ್ಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಒಂದೊಂದನ್ನೇ ಮುಟ್ಟಿ ನೋಡುತ್ತಾರೆ. ಬಾಯಿ ಬಿಟ್ಟರೆ ನಾಲ್ಕು ಜನರನ್ನು ನಗಿಸುವ ಹೆಂಗಸು, ಇವತ್ತು ಮುಟ್ಟಿದ್ದನ್ನೇ ಮತ್ತೆ ಮುಟ್ಟುತ್ತಿದ್ದಾರೆ.

"ಇವತ್ತು ಒಂದೇ ಒಂದು ಕ್ಯಾನ್ ಹುಳಿ ಬಂದ್ರೂ ಮುಗೀತು" ಎನ್ನುತ್ತಾರೆ ಕೊನೆಗೆ. "ನಾಳೆಯಿಂದ ಈ ನೀರೆಲ್ಲಾ ಮೋರಿಗೆ. ನನ್ನ ಗಾಡಿ ಮನೆ ಮುಂದೆ."

ಈ ನೀರು ಅಂದರೆ, ಹಾಲು ಒಡೆದು ಚೀಸ್ ಗಟ್ಟಿಯಾದ ಮೇಲೆ ಉಳಿಯುವ ತಿಳಿ. ಆರು ವರ್ಷದ ಹಿಂದೆ ಅದು ಮೋರಿಗೇ ಹೋಗುತ್ತಿತ್ತು. ಕ್ಯಾನಕ್ಕ ಆಗ ಊರಾಚೆಯ ಕೊಟ್ಟಿಗೆಯಿಂದ ಡೈರಿಗೆ ಹಾಲು ತಂದು, ಖಾಲಿ ಮೂರುಚಕ್ರದ ಗಾಡಿಯಲ್ಲಿ ವಾಪಸಾಗುತ್ತಿದ್ದರು. ದಾರಿಯಲ್ಲಿ ಒಂದು ಬೇಕರಿ. ಅದರ ಪಕ್ಕದ ಕಸದ ತೊಟ್ಟಿಯಲ್ಲಿ ದಿನಾ ರಾಶಿ ರಾಶಿ ಹಳೇ ಬ್ರೆಡ್.

"ಇವರು ಇಲ್ಲಿ ಚೆಲ್ತಾರೆ, ಅವರು ಅಲ್ಲಿ ಚೆಲ್ತಾರೆ, ಮಧ್ಯೆ ನಾನು ಡೀಸೆಲ್ ಸುಟ್ಕೊಂಡು ಖಾಲಿ ಗಾಡಿ ಓಡಿಸ್ತೀನಿ. ಹೊಟ್ಟೆ ಉರಿಯಲ್ವಾ, ಹೇಳಿ?"

ಉರಿಯಿತು. ಮೂರೂ ಕಡೆ ತಿಂಗಳುಗಟ್ಟಲೆ ತಲೆ ತಿಂದರು. ಈಗ ದಿನಕ್ಕೆ ಮುನ್ನೂರ ಇಪ್ಪತ್ತು ಲೀಟರ್ ತಿಳಿ ಬೇಕರಿಗೆ ಹೋಗುತ್ತದೆ. ಅಲ್ಲಿ ಬ್ರೆಡ್ ಹಿಟ್ಟು ಕಲಸಲು ನೀರಿನ ಬದಲು ಅದೇ. ಬೇಕರಿಯ ಅರವತ್ತು ಕಿಲೋ ಹಳೇ ಬ್ರೆಡ್ ಕೊಟ್ಟಿಗೆಯ ಹದಿನಾಲ್ಕು ಹಸುಗಳ ಮೇವಿನ ಜೊತೆ ಸೇರುತ್ತದೆ. ಅವುಗಳ ಹಾಲು ಮತ್ತೆ ಡೈರಿಗೆ. ಗಾಡಿ ಎಲ್ಲಿಯೂ ಖಾಲಿ ಓಡುವುದಿಲ್ಲ.

ಎಡವಟ್ಟಾಗಿದ್ದು ಕಳೆದ ಶುಕ್ರವಾರ. ತಿಳಿ ಹುಳಿಯಾಗಿ ಬೇಕರಿಯಲ್ಲಿ ಎರಡು ಕೊಪ್ಪರಿಗೆ ಹಿಟ್ಟು ಹಾಳಾಯಿತು. ಡೈರಿಯವರು ಹಳಸಲು ಕಳಿಸಿದ್ದಾರೆ, ಇನ್ನೊಂದು ಕ್ಯಾನ್ ಹುಳಿ ಬಂದರೆ ಈ ತಿಳಿಯೇ ಬೇಡ ಎಂದು ಬೇಕರಿ ಯಜಮಾನರು ಕೂಗಾಡಿದರು. ಅವರ ಟ್ಯಾಂಕೇ ಗಲೀಜು ಎಂದು ಡೈರಿಯ ಮೇಸ್ತ್ರಿ ಮೂಗು ಮುರಿದರು. ಆರು ವರ್ಷದಿಂದ ಕೊಟ್ಟು ತೆಗೆದುಕೊಳ್ಳುವ ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. "ಇವರ ಬೈಗುಳ ಅವರಿಗೆ, ಅವರದ್ದು ಇವರಿಗೆ ತಲುಪಿಸೋದೂ ನಾನೇ. ಅರ್ಧ ನುಂಗ್ಕೊಂಡು ಹೇಳ್ತೀನಿ" ಎನ್ನುತ್ತಾರೆ ಕ್ಯಾನಕ್ಕ.

ನಿಜ ಏನೆಂದು ಗೊತ್ತಿರುವುದು ಅವರೊಬ್ಬರಿಗೇ. ಬಿಸಿ ತಿಳಿಯನ್ನು ತೊಟ್ಟಿಯಲ್ಲಿ ಮುಕ್ಕಾಲು ಗಂಟೆ ಆರಿಸಬೇಕು, ಆಮೇಲೆಯೇ ಮುಚ್ಚಳ ಬಿಗಿಯಬೇಕು. ಶುಕ್ರವಾರ ಎಂಟನೇ ಕ್ಯಾನ್ ತಡವಾಗಿ ತುಂಬಿತ್ತು. ಹೊತ್ತಾಯಿತೆಂದು ಕ್ಯಾನಕ್ಕ ಬಿಸಿ ಬಿಸಿಯಲ್ಲೇ ಮುಚ್ಚಳ ಗುದ್ದಿ ಗಾಡಿಗೆ ಏರಿಸಿದರು. ಒಳಗೇ ಬೆಂದು ಹುಳಿಯಾದ ಆ ಒಂದು ಕ್ಯಾನ್ ಬೇಕರಿಯ ಟ್ಯಾಂಕಿಗೆ ಬಿದ್ದು ಉಳಿದ ಏಳನ್ನೂ ಕೆಡಿಸಿತು.

ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನಿಗೆ ಮಾತ್ರ ಹೇಳಿದ್ದಾರೆ. "ಯಾರೂ ಕೇಳಿಲ್ಲ. ನೀನ್ಯಾಕೆ ಮೈಮೇಲೆ ಎಳ್ಕೋತೀಯಾ? ಸುಮ್ನಿರು" ಎಂದರಂತೆ ಅವರು. ನಾಲ್ಕು ದಿನ ಸುಮ್ಮನಿದ್ದದ್ದೂ ಆಯಿತು.

ಇವತ್ತು ಗಾಡಿಯಲ್ಲಿ ಪಕ್ಕಕ್ಕೆ ಡೈರಿಯ ಮೇಸ್ತ್ರಿಯನ್ನು ಕೂರಿಸಿಕೊಂಡಿದ್ದಾರೆ. ಯಾಕೆಂದು ಅವರಿಗೂ ಹೇಳಿಲ್ಲ.

ಬೇಕರಿಯ ಹಿಂಬಾಗಿಲಲ್ಲಿ ಯಜಮಾನರು ಸೌಟು ಹಿಡಿದು ಕಾದಿದ್ದಾರೆ. ಜೊತೆಗೆ ಬಂದವರು ಡೈರಿಯ ಮೇಸ್ತ್ರಿ ಎಂದು ಕ್ಯಾನಕ್ಕ ಹೇಳಿದ್ದೇ ಅವರ ಹುಬ್ಬು ಗಂಟಿಕ್ಕುತ್ತದೆ. ಮೊದಲ ಕ್ಯಾನಿನಿಂದ ಒಂದು ಗುಟುಕು. ಎರಡನೆಯದು, ಮೂರನೆಯದು. ಏಳರ ತನಕ ಬರುವಷ್ಟರಲ್ಲಿ ಕ್ಯಾನಕ್ಕನ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿದೆ. ಎಂಟನೆಯದನ್ನು ಯಜಮಾನರು ಎರಡು ಸಲ ರುಚಿ ನೋಡುತ್ತಾರೆ.

"ಚೆನ್ನಾಗಿದೆ. ಸುರೀರಿ."

ಇಲ್ಲಿಗೆ ಬಚಾವಾಗಬಹುದಿತ್ತು. ಆದರೆ ಕ್ಯಾನಕ್ಕ ಕ್ಯಾನ್ ಎತ್ತುವುದಿಲ್ಲ.

"ಅಣ್ಣಾ, ಶುಕ್ರವಾರದ್ದು ಡೈರಿ ತಪ್ಪಲ್ಲ. ನಿಮ್ಮ ಟ್ಯಾಂಕಿಂದೂ ಅಲ್ಲ. ನಂದು. ಎಂಟನೇದು ಆರೋ ಮುಂಚೆನೇ ಮುಚ್ಚಳ ಹಾಕ್ಬಿಟ್ಟೆ."

ಯಜಮಾನರ ಮುಖ ಕೆಂಪಾಗುತ್ತದೆ.

"ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ನಾಲ್ಕು ದಿನ ಈ ಮನುಷ್ಯನ ಜನ್ಮ ಜಾಲಾಡಿದೀನಲ್ಲಾ!"

"ಹೆದರ್ಕೊಂಡೆ ಅಣ್ಣಾ."

ಮೇಸ್ತ್ರಿ ಮುಂದೆ ಬರುತ್ತಾರೆ. "ಆ ಕ್ಯಾನ್ ತಡ ಮಾಡಿದ್ದು ನಾವು. ತುಂಬಿಸಿ, ಇವರ ಪಾಡಿಗೆ ಇವರನ್ನ ಬಿಟ್ವಿ." ಜೇಬಿನಿಂದ ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೆ ಬರೆದು ತೋರಿಸುತ್ತಾರೆ: ತೊಟ್ಟಿಗೆ ಇಳಿಸಿದ್ದು ನಾಲ್ಕೂವರೆ, ಮುಚ್ಚಿದ್ದು ಐದೂಕಾಲು. "ನಾಳೆಯಿಂದ ಹೀಗೆ ನಾನೇ ಬರೀತೀನಿ."

"ಬರೆದಿಲ್ದಿರೋ ಕ್ಯಾನ್ ನನ್ನ ಬಾಗಿಲು ದಾಟಲ್ಲ" ಎನ್ನುತ್ತಾರೆ ಯಜಮಾನರು. ಆಮೇಲೆ ಮೇಸ್ತ್ರಿಯತ್ತ ತಿರುಗುತ್ತಾರೆ. "ನಿಮ್ಮ ನಂಬರ್ ಕೊಡಿ. ಇನ್ಮೇಲೆ ಬೈಯೋದಿದ್ರೆ ನಿಮಗೇ ನೇರ ಬೈತೀನಿ."

ಕ್ಯಾನಕ್ಕ ಇನ್ನೂ ನಿಂತೇ ಇದ್ದಾರೆ. ತಮ್ಮ ಪಾಡೇನು ಎಂದು ಯಾರೂ ಹೇಳಿಲ್ಲ. ಒಳಗೆ ಹೊರಟ ಯಜಮಾನರು ತಿರುಗಿ ಗದರುತ್ತಾರೆ: "ನಿಂತ್ಕೊಂಡು ಏನು ನೋಡ್ತಿದೀಯಾ? ಬ್ರೆಡ್ ಮೂಟೆ ನಿಮ್ಮಪ್ಪ ಬಂದು ಎತ್ತಾನಾ?"

ನಾಲ್ಕು ಮೂಟೆಗಳೂ ಗಾಡಿ ಏರುತ್ತವೆ. ಚಾಲಕಿಯ ಸೀಟಿನಲ್ಲಿ ಕೂತು ಕ್ಯಾನಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಗಂಡನ ಫೋನು.

"ಏನಾಯ್ತೇ?"

"ಚೆನ್ನಾಗಿ ಬೈದ್ರು" ಎನ್ನುತ್ತಾರೆ ಕ್ಯಾನಕ್ಕ, ಹಿಂದೆ ತಿರುಗಿ ಮೂಟೆಗಳನ್ನು ಇನ್ನೊಮ್ಮೆ ಎಣಿಸಿ. "ಆದ್ರೆ ಗಾಡಿ ತುಂಬಾ ಬ್ರೆಡ್ ಇದೆ."